ಗೆಲ್ಲುವಂತಿರುವ ಎಲೆಯನ್ನು ಕೆಳಗಿಡುವುದು ಯಾವಾಗ? ಪೋಕರ್‌ನಲ್ಲಿ ಫೋಲ್ಡ್‌ನ ಲೆಕ್ಕ

ರಮ್ಮಿ ಆಡುವವರಿಗೆ ಡ್ರಾಪ್ ಗೊತ್ತು. ಹದಿಮೂರೆಲೆಯ ಪಾಯಿಂಟ್ಸ್ ರಮ್ಮಿಯಲ್ಲಿ ಮೊದಲ ಸರದಿಯಲ್ಲೇ ಬಿಟ್ಟರೆ 20 ಪಾಯಿಂಟ್, ನಡುವೆ ಬಿಟ್ಟರೆ 40, ಕೊನೆತನಕ ಕೂತು ಸೋತರೆ 80ರವರೆಗೆ. ತೀನ್ ಪತ್ತಿಯಲ್ಲಿ ಇದಕ್ಕೇ ‘ಪ್ಯಾಕ್’ ಎನ್ನುತ್ತಾರೆ. ಎರಡರಲ್ಲೂ ಸಾಮಾನ್ಯವಾಗಿ ಬಿಡುವುದು ಕೆಟ್ಟ ಎಲೆ ಬಂದಾಗ, ಹಾಗಾಗಿ ದೊಡ್ಡ ಸಂಕಟವೇನಿಲ್ಲ. ಪೋಕರ್‌ನಲ್ಲೂ ಕೆಟ್ಟ ಎಲೆ ಬಿಡುವುದನ್ನು (ಇಲ್ಲಿ ಅದಕ್ಕೆ ‘ಫೋಲ್ಡ್’ ಎಂದು ಹೆಸರು) ಯಾರೂ ಕಲಿಸಬೇಕಿಲ್ಲ. ಕಷ್ಟ ಶುರುವಾಗುವುದು ಒಳ್ಳೆಯ ಎಲೆ ಹಿಡಿದು, ಧೈರ್ಯವಾಗಿ ಬೆಟ್ ಹಾಕಿ, ಎದುರಿನವರು ಅದನ್ನು ಮೂರು ಪಟ್ಟು ಏರಿಸಿದಾಗ.

ಪೋಕರ್ ಕೌಶಲದ ಆಟವೋ ಅದೃಷ್ಟದ್ದೋ ಎಂಬ ವಾದ ಕರ್ನಾಟಕದಲ್ಲಿ ಕೋರ್ಟ್ ಮೆಟ್ಟಿಲನ್ನೂ ಹತ್ತಿದೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಂದ, ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಂತೂ ಆ ವಾದವನ್ನೇ ಬದಿಗೆ ಸರಿಸಿತು: ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷಿದ್ಧ. ಹಾಗಾಗಿ ಕೆಳಗೆ ಬರುವ ಚಿಪ್ಸ್‌ಗಳನ್ನು ಬರೀ ಬಿಲ್ಲೆಗಳೆಂದೇ ಓದಿಕೊಳ್ಳಿ. ಆದರೂ ‘ಇದರಲ್ಲಿ ಕೌಶಲ ಅನ್ನುವುದು ಎಲ್ಲಿದೆ?’ ಎಂದು ಕೇಳುವವರಿಗೆ ಬೆರಳಿಟ್ಟು ತೋರಿಸಬಹುದಾದ ಜಾಗ ಒಂದಿದೆ. ಅದು ಒಳ್ಳೆಯ ಎಲೆಯ ಫೋಲ್ಡ್.

## ಮೊದಲು ಆಟದ ಬುನಾದಿ

ಇಲ್ಲಿ ಹೇಳುವುದೆಲ್ಲ ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯ ಪೋಕರ್ ಬಗ್ಗೆ. 52 ಎಲೆಯ ಒಂದೇ ಕಟ್ಟು, ಜೋಕರ್ ಇಲ್ಲ. ಪ್ರತಿಯೊಬ್ಬರಿಗೂ ಮುಚ್ಚಿದ ಎರಡೆರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಹಂತಹಂತವಾಗಿ ಬಿಚ್ಚುತ್ತಾರೆ. ಮೊದಲು ಬಿಚ್ಚುವ ಮೂರು ಎಲೆಗೆ ಫ್ಲಾಪ್, ನಾಲ್ಕನೆಯದಕ್ಕೆ ಟರ್ನ್, ಐದನೆಯದಕ್ಕೆ ರಿವರ್ ಎಂದು ಹೆಸರು. ಕೈಯ ಎರಡು, ಮೇಜಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮ ಐದು ಯಾರದ್ದೋ ಅವರಿಗೆ ನಡುವಿನ ರಾಶಿ. ಆ ರಾಶಿಗೆ ಪಾಟ್ ಎನ್ನುತ್ತಾರೆ.

ಪ್ರತಿ ಹಂತದಲ್ಲೂ ಒಂದು ಸುತ್ತು ಪಣ ನಡೆಯುತ್ತದೆ. ಯಾರೂ ಏನೂ ಹಾಕದಿದ್ದರೆ ಸುಮ್ಮನೆ ದಾಟಿಸಬಹುದು, ಅದು ಚೆಕ್. ಮೊದಲು ಹಾಕುವುದು ಬೆಟ್. ಅಷ್ಟನ್ನೇ ಸರಿಗಟ್ಟುವುದು ಕಾಲ್. ಅದಕ್ಕಿಂತ ಹೆಚ್ಚಿಸುವುದು ರೈಸ್. ಎಲೆ ಕೆಳಗಿಟ್ಟು ಹೊರಬೀಳುವುದು ಫೋಲ್ಡ್. ಆಟ ಶುರುವಾಗುವ ಮುನ್ನ ಇಬ್ಬರು ಕಡ್ಡಾಯವಾಗಿ ಹಾಕಬೇಕಾದ ಚಿಕ್ಕ ಪಣಕ್ಕೆ ಬ್ಲೈಂಡ್ ಎಂದು ಹೆಸರು. ತೀನ್ ಪತ್ತಿಯಲ್ಲಿ ಎಲೆ ನೋಡದೆ ಆಡುವುದಕ್ಕೂ ಬ್ಲೈಂಡ್ ಅನ್ನುತ್ತೇವಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಎಲೆಗಳ ಶ್ರೇಣಿ ಕೆಳಗಿನಿಂದ ಮೇಲಕ್ಕೆ ಹೀಗಿದೆ: ಬರೀ ದೊಡ್ಡ ಎಲೆ, ಒಂದು ಜೋಡಿ, ಎರಡು ಜೋಡಿ, ಒಂದೇ ಬೆಲೆಯ ಮೂರು, ಸಾಲಾದ ಐದು ಎಲೆಯ ಸ್ಟ್ರೈಟ್, ಒಂದೇ ಬಣ್ಣದ (ಎಲ್ಲವೂ ಆಟೀನ್, ಇಲ್ಲವೇ ಎಲ್ಲವೂ ಇಸ್ಪೀಟ್, ಹೀಗೆ) ಐದರ ಫ್ಲಶ್, ಮೂರು ಮತ್ತು ಎರಡು ಕೂಡಿದ ಫುಲ್ ಹೌಸ್, ಒಂದೇ ಬೆಲೆಯ ನಾಲ್ಕು, ಸ್ಟ್ರೈಟ್ ಫ್ಲಶ್. ತೀನ್ ಪತ್ತಿಯಿಂದ ಬಂದವರು ಒಂದು ಕಡೆ ಎಡವುತ್ತಾರೆ. ಅಲ್ಲಿ ಸೀಕ್ವೆನ್ಸ್ ಕಲರ್‌ಗಿಂತ ಮೇಲು, ಇಲ್ಲಿ ಫ್ಲಶ್ ಸ್ಟ್ರೈಟ್‌ಗಿಂತ ಮೇಲು. ಕಾರಣ ಸರಳ. ಮೂರೆಲೆಯಲ್ಲಿ ಸಾಲು ಬರುವ ಬಗೆಗಳು 720, ಒಂದೇ ಬಣ್ಣ ಬರುವ ಬಗೆಗಳು 1,096. ಐದೆಲೆಯಲ್ಲಿ ಇದು ತಿರುಗಿ ನಿಲ್ಲುತ್ತದೆ: ಸ್ಟ್ರೈಟ್ 10,200, ಫ್ಲಶ್ 5,108. ಅಪರೂಪವಾದದ್ದಕ್ಕೇ ಬೆಲೆ.

## ‘ಒಳ್ಳೆಯ ಎಲೆ’ ಯಾವುದಕ್ಕೆ ಹೋಲಿಸಿದರೆ ಒಳ್ಳೆಯದು?

ಪಿಯುಸಿಯಲ್ಲಿ ಶೇ 95 ಅಂಕ ಒಳ್ಳೆಯ ಅಂಕವೇ. ಆದರೆ ಸಿಇಟಿ ಕೌನ್ಸೆಲಿಂಗ್‌ನಲ್ಲಿ ಬೇಡಿಕೆಯ ಕಾಲೇಜಿನ ಕೊನೆಯ ಎರಡು ಸೀಟಿಗೆ ಸಾಲುಗಟ್ಟಿದವರ ನಡುವೆ ಆ ಅಂಕದ ಬೆಲೆ ಎಷ್ಟು? ಇಡೀ ರಾಜ್ಯದ ಮಕ್ಕಳೊಂದಿಗೆ ಹೋಲಿಸುವುದು ಬೇರೆ, ಆ ಸಾಲಿನಲ್ಲಿ ನಿಂತಿರುವವರೊಂದಿಗೆ ಹೋಲಿಸುವುದು ಬೇರೆ.

ರೈಸ್ ಮಾಡುವ ಕೆಲಸವೂ ಇದೇ. ನೀವು ಎಕ್ಕ-ರಾಜ ಹಿಡಿದಿದ್ದೀರಿ, ಮೇಜಿನ ಮೇಲೆ ರಾಜ ಬಿದ್ದಿದೆ. ಮೇಜಿನ ಅತಿದೊಡ್ಡ ಎಲೆಯ ಜೋಡಿ, ಜೊತೆಗೆ ಎಕ್ಕ. ಎದುರಾಳಿಯ ಬಳಿ ಇರಬಹುದಾದ ಎಲ್ಲ ಎಲೆಗಳಿಗೆ ಹೋಲಿಸಿದರೆ ಇದು ಬಹಳ ಮೇಲಿದೆ. ಅವರು ಬರೀ ಕಾಲ್ ಮಾಡಿದಾಗಲೂ ಮೇಲೇ ಇದೆ. ಆದರೆ ಅವರು ಏರಿಸಿದ ಕ್ಷಣದಲ್ಲಿ ಸಾಲು ಚಿಕ್ಕದಾಗುತ್ತದೆ. ಬಡ ಜೋಡಿಗಳು, ‘ನೋಡೋಣ’ ಎಂದು ಬಂದ ಎಲೆಗಳು ಸಾಲಿನಿಂದ ಹೊರಗೆ ಹೋಗುತ್ತವೆ. ಉಳಿದದ್ದರ ಎದುರು ನಿಮ್ಮದು ಎಲ್ಲಿ ನಿಲ್ಲುತ್ತದೆ ಎನ್ನುವುದಷ್ಟೇ ಪ್ರಶ್ನೆ. ಹೀಗೆ ಉಳಿಯುವ ಸಾಧ್ಯ ಎಲೆಗಳ ಪಟ್ಟಿಗೆ ಆಟಗಾರರು ರೇಂಜ್ ಎನ್ನುತ್ತಾರೆ. ಎದುರಿನವರ ಕೈಯಲ್ಲಿರುವ ಎರಡು ಎಲೆಯನ್ನು ಊಹಿಸಲು ಹೋಗುವುದು ಹೊಸಬರ ಅಭ್ಯಾಸ. ಅದು ಜ್ಯೋತಿಷ್ಯ. ಪಟ್ಟಿ ಮಾಡಿ ಎಣಿಸುವುದು ಆಟ.

## ಎಷ್ಟು ಗೆದ್ದರೆ ಸಾಕು: ಪಾಟ್ ಆಡ್ಸ್

ಎಣಿಸುವ ಮುನ್ನ ಎಷ್ಟು ಬೇಕು ಎಂಬುದು ಗೊತ್ತಿರಬೇಕು. ಸೂತ್ರ ಒಂದೇ: ನೀವು ಈಗ ಹಾಕಬೇಕಾದ ಮೊತ್ತವನ್ನು, ಅದನ್ನು ಹಾಕಿದ ಮೇಲಿನ ಒಟ್ಟು ಪಾಟ್‌ನಿಂದ ಭಾಗಿಸಿ. ಹೀಗೆ ಬರುವ ಶೇಕಡಾವೇ ಪಾಟ್ ಆಡ್ಸ್. ಅದಕ್ಕಿಂತ ಹೆಚ್ಚು ಸಲ ಗೆಲ್ಲುವಂತಿದ್ದರೆ ಕಾಲ್ ಲಾಭ, ಕಡಿಮೆಯಿದ್ದರೆ ನಷ್ಟ.

ಪಾಟ್‌ನಲ್ಲಿ 1,450 ಇದೆ. ನೀವು 1,000 ಬೆಟ್ ಹಾಕಿದಿರಿ. ಎದುರಾಳಿ 3,200ಕ್ಕೆ ಏರಿಸಿದರು. ನೀವು ಇನ್ನು ಹಾಕಬೇಕಾದ್ದು 2,200 ಮಾತ್ರ, 3,200 ಅಲ್ಲ. ಗೆಲ್ಲಲು ಕಾಯುತ್ತಿರುವುದು 1,450 + 1,000 + 3,200 = 5,650. ನಿಮ್ಮದೂ ಸೇರಿದರೆ 7,850. 2,200ನ್ನು 7,850ರಿಂದ ಭಾಗಿಸಿದರೆ ಶೇ 28. ಅಂದರೆ ನೂರರಲ್ಲಿ 28 ಸಲ ಗೆದ್ದರೂ ಸಾಕು, 72 ಸಲ ಸೋತರೂ ಕೈ ಕಚ್ಚುವುದಿಲ್ಲ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಮೊದಲನೆಯದು, ಆಗಲೇ ಹಾಕಿದ 1,000ವನ್ನು ‘ನನ್ನ ದುಡ್ಡು’ ಎಂದು ಮತ್ತೆ ಲೆಕ್ಕಕ್ಕೆ ತರುವುದು. ಅದು ಪಾಟ್‌ಗೆ ಬಿದ್ದ ಗಳಿಗೆಯಲ್ಲೇ ನಿಮ್ಮದಲ್ಲ. ಅರ್ಧ ಕಟ್ಟಿದ ಮನೆಯ ಗೋಡೆ ಬಿರುಕು ಬಿಟ್ಟ ಮೇಲೂ ‘ಇಷ್ಟು ಸುರಿದಿದ್ದೀನಲ್ಲ’ ಎಂದು ಇನ್ನಷ್ಟು ಸಿಮೆಂಟ್ ತರಿಸಿದಂತೆ ಆಗುತ್ತದೆ. ಎರಡನೆಯದು ಇದರ ಉಲ್ಟಾ: ‘ನಾನು ಸೋಲುವ ಸಾಧ್ಯತೆಯೇ ಹೆಚ್ಚು, ಬಿಟ್ಟುಬಿಡೋಣ’ ಎನ್ನುವುದು. ಸೋಲುವ ಸಾಧ್ಯತೆ ಹೆಚ್ಚಿದ್ದರೂ ಕಾಲ್ ಸರಿಯಾಗಿರಬಹುದು. ಬೇಕಾದ್ದು ಐವತ್ತಲ್ಲ, ಇಪ್ಪತ್ತೆಂಟು.

## ಒಂದು ಆಟ, ಎಲೆ ಎಲೆ ಎಣಿಸಿ

ಮೇಲಿನ ಅಂಕಿಗಳು ಬಂದ ಆಟವನ್ನೇ ಬಿಡಿಸೋಣ. ಬ್ಲೈಂಡ್ 50 ಮತ್ತು 100. ಇಬ್ಬರ ಬಳಿಯೂ 10,000 ಚಿಪ್ಸ್. ನೀವು ಇಸ್ಪೀಟ್ ಎಕ್ಕ, ಡೈಮಂಡ್ ರಾಜ ಹಿಡಿದು 300ಕ್ಕೆ ಏರಿಸಿದಿರಿ. ದೊಡ್ಡ ಬ್ಲೈಂಡ್ ಹಾಕಿದವರು ಕಾಲ್ ಮಾಡಿದರು, ಚಿಕ್ಕ ಬ್ಲೈಂಡ್‌ನವರು ಹೊರಬಿದ್ದರು. ಪಾಟ್ 650.

ಫ್ಲಾಪ್: ಆಟೀನ್ ರಾಜ, ಆಟೀನ್ ಎಂಟು, ಕಳಾವರ್ ಏಳು. ಅವರು ಚೆಕ್, ನೀವು 400, ಅವರು ಕಾಲ್. ಪಾಟ್ 1,450. ಟರ್ನ್: ಇಸ್ಪೀಟ್ ಎರಡು. ಅವರು ಮತ್ತೆ ಚೆಕ್, ನೀವು 1,000, ಈಗ ಅವರು 3,200.

ಮೊದಲು ನಿಮ್ಮನ್ನು ಸೋಲಿಸುವ ಎಲೆಗಳು. ಎಂಟು-ಎಂಟು ಇದ್ದರೆ ಮೇಜಿನ ಎಂಟು ಸೇರಿ ಮೂರಾಗುತ್ತದೆ. ಕೈಯಲ್ಲಿ ಜೋಡಿ ಇಟ್ಟುಕೊಂಡು ಮಾಡುವ ಈ ಮೂರಕ್ಕೆ ಸೆಟ್ ಎಂದು ಹೆಸರು. ಕಟ್ಟಿನಲ್ಲಿ ಉಳಿದಿರುವ ಎಂಟು ಮೂರು, ಮೂರರಲ್ಲಿ ಎರಡನ್ನು ಆರಿಸುವ ಬಗೆ ಮೂರು. ಹಾಗೆಯೇ ಏಳು-ಏಳು ಇರುವ ಬಗೆಯೂ ಮೂರು. ಎರಡು ಜೋಡಿ ಮಾಡುವ ಒಂದೇ ಬಣ್ಣದ ಎಂಟು-ಏಳು ಎರಡು ಬಗೆ: ಇಸ್ಪೀಟ್, ಡೈಮಂಡ್. ಒಂದೇ ಬಣ್ಣದ ರಾಜ-ಎಂಟು ಎರಡು ಬಗೆ, ರಾಜ-ಏಳು ಒಂದೇ ಬಗೆ, ಯಾಕೆಂದರೆ ಕಳಾವರ್ ಏಳು ಆಗಲೇ ಮೇಜಿನ ಮೇಲಿದೆ. ರಾಜ-ರಾಜ ಹಿಡಿದವರು ಮೊದಲೇ ಏರಿಸುತ್ತಿದ್ದರು, ಎರಡು-ಎರಡು ಹಿಡಿದವರು ಫ್ಲಾಪ್‌ನಲ್ಲೇ ಬಿಡುತ್ತಿದ್ದರು, ಹಾಗಾಗಿ ಅವನ್ನು ಬಿಟ್ಟೆವು. ಒಟ್ಟು 11.

ಈ ಹನ್ನೊಂದರ ಎದುರು ನಿಮಗೆ ಉಳಿದಿರುವ ಆಸೆ ಎಷ್ಟು? ಸೆಟ್ ಎದುರು ಸೊನ್ನೆ. ರಿವರ್‌ನಲ್ಲಿ ಇನ್ನೊಂದು ರಾಜ ಬಂದರೂ ಅವರದು ಫುಲ್ ಹೌಸ್ ಆಗುತ್ತದೆ. ಎಂಟು-ಏಳರ ಎದುರು ಎಕ್ಕ ಮೂರು, ರಾಜ ಎರಡು, ಜೊತೆಗೆ ಮೇಜಿನ ಎರಡನ್ನು ಜೋಡಿ ಮಾಡುವ ಎಲೆ ಮೂರು, ಒಟ್ಟು ಎಂಟು ಎಲೆ ನಿಮ್ಮನ್ನು ಕಾಪಾಡುತ್ತವೆ. ಕಾಣದ 44ರಲ್ಲಿ ಎಂಟು ಅಂದರೆ ಶೇ 18. ರಾಜ-ಎಂಟರ ಎದುರು ಎಕ್ಕ ಮೂರು ಮಾತ್ರ, ಶೇ 7. ರಾಜ-ಏಳರ ಎದುರು ಆರು ಎಲೆ, ಶೇ 14. ಎಲ್ಲ ಸೇರಿಸಿ ಸರಾಸರಿ ತೆಗೆದರೆ ಶೇ 6ರ ಆಸುಪಾಸು.

ಇನ್ನು ನೀವು ಮುಂದಿರುವ ಎಲೆಗಳು. ಇನ್ನೂ ಪೂರ್ತಿಯಾಗದೆ, ರಿವರ್‌ನಲ್ಲಿ ಒಂದು ಎಲೆಗಾಗಿ ಕಾಯುತ್ತಿರುವ ಕೈಗೆ ಡ್ರಾ ಎನ್ನುತ್ತಾರೆ. ಒಂದೇ ಬಣ್ಣದ ಹತ್ತು-ಒಂಬತ್ತಕ್ಕೆ ಗುಲಾಮ ಅಥವಾ ಆರು ಬಂದರೆ ಸ್ಟ್ರೈಟ್, ಇದು ನಾಲ್ಕು ಬಗೆ. ಒಂದೇ ಬಣ್ಣದ ಆರು-ಐದಕ್ಕೆ ಒಂಬತ್ತು ಅಥವಾ ನಾಲ್ಕು ಬೇಕು, ಇದೂ ನಾಲ್ಕು. ಆಟೀನ್ ಎಕ್ಕದ ಜೊತೆ ಆಟೀನ್ ಐದು, ನಾಲ್ಕು ಅಥವಾ ಮೂರು ಇಟ್ಟುಕೊಂಡು ಫ್ಲಶ್‌ಗೆ ಕಾಯುವವು ಮೂರು. ಇವೂ ಒಟ್ಟು 11. ಇವುಗಳ ಎದುರು ನೀವು ಸುಮಾರು ಶೇ 80 ಸಲ ಗೆಲ್ಲುತ್ತೀರಿ. ಆಟೀನ್ ಹತ್ತು-ಒಂಬತ್ತು, ಆಟೀನ್ ಆರು-ಐದು ಮಾತ್ರ ಗಟ್ಟಿ. ಅವಕ್ಕೆ ಸ್ಟ್ರೈಟ್, ಫ್ಲಶ್ ಎರಡೂ ಸೇರಿ 15 ಎಲೆ ಒದಗುತ್ತವೆ, ಹಾಗಾಗಿ ಅವುಗಳ ಎದುರು ನಿಮ್ಮ ಪಾಲು ಶೇ 66. ಒಟ್ಟಾರೆ ಶೇ 78 ಎಂದಿಟ್ಟುಕೊಳ್ಳೋಣ.

ಈಗ ತಕ್ಕಡಿ. ಸೋಲಿಸುವವು 11 ಇರುವಾಗ ಡ್ರಾಗಳು ಎಷ್ಟಿದ್ದರೆ ನಿಮ್ಮ ಸರಾಸರಿ ಶೇ 28 ಮುಟ್ಟುತ್ತದೆ? ಲೆಕ್ಕ ಹಾಕಿದರೆ ಐದು. ಅಂದರೆ ಎದುರಾಳಿ ತಮ್ಮ ಹನ್ನೊಂದು ಡ್ರಾಗಳಲ್ಲಿ ಐದನ್ನಾದರೂ ಹೀಗೆ ಏರಿಸುವವರಾದರೆ, ಈ ಗಳಿಗೆಯ ಲೆಕ್ಕದಲ್ಲಿ ಕಾಲ್ ಸರಿ. ಡ್ರಾ ಇದ್ದಾಗ ಯಾವಾಗಲೂ ಬರೀ ಕಾಲ್ ಮಾಡಿ, ಅಪರೂಪಕ್ಕೆ ಆ ಎರಡು ಗಟ್ಟಿ ಡ್ರಾಗಳನ್ನಷ್ಟೇ ಏರಿಸುವವರಾದರೆ ನಿಮ್ಮ ಪಾಲು ಶೇ 15ಕ್ಕೆ ಇಳಿಯುತ್ತದೆ. ಬೇಕಾದ್ದು 28. ಎಕ್ಕ-ರಾಜ ಕೆಳಗಿಡಬೇಕು.

ನಿಮ್ಮ ಎಲೆ ಎರಡು ಸಂದರ್ಭದಲ್ಲೂ ಅದೇ ಎಂಬುದನ್ನು ಗಮನಿಸಿ. ಮೇಜೂ ಅದೇ, ಮೊತ್ತವೂ ಅದೇ. ಬದಲಾಗಿದ್ದು ಎದುರಿನವರ ಸ್ವಭಾವ ಮಾತ್ರ.

## ಇನ್ನೂ ಬರಬೇಕಾದ ಬಿಲ್ಲು

ಮೇಲಿನ ಲೆಕ್ಕದಲ್ಲಿ ಒಂದು ರಂಧ್ರವಿದೆ. 2,200 ಕೊಟ್ಟರೆ ಆಟ ಮುಗಿಯಿತು ಎಂಬಂತೆ ಅದು ನಡೆದುಕೊಂಡಿದೆ. ನಿಜವಾಗಿ ನಿಮ್ಮ ಬಳಿ ಇನ್ನೂ 6,100 ಉಳಿದಿದೆ, ರಿವರ್‌ನಲ್ಲಿ ಅವರು ಅಷ್ಟನ್ನೂ ಕೇಳಬಹುದು. ಟರ್ನ್‌ನ ಕಾಲ್ ಒಂದು ರೀತಿಯಲ್ಲಿ ಮುಂಗಡ. ಪೂರ್ತಿ ಬಿಲ್ಲು ಆಮೇಲೆ ಬರುತ್ತದೆ.

ಎಲ್ಲ ಸೇರಿ ನೀವು ತೆರಬೇಕಾದ್ದು 8,300, ಕೊನೆಗೆ ಪಾಟ್ 20,050. ಶೇ 41. ಈ ದರದಲ್ಲಿ ತಕ್ಕಡಿ ಸಮವಾಗಲು ಐದು ಡ್ರಾ ಸಾಲುವುದಿಲ್ಲ, ಹೆಚ್ಚುಕಡಿಮೆ ಹನ್ನೊಂದೂ ಬೇಕು. ಅಂದರೆ ತಮ್ಮ ಪ್ರತಿಯೊಂದು ಡ್ರಾವನ್ನೂ ಏರಿಸುವ ಉಗ್ರ ಆಟಗಾರರ ಎದುರು ಮಾತ್ರ ಎಲ್ಲ ಚಿಪ್ಸ್ ಒಳಗೆ ಹಾಕಬಹುದು, ಅದೂ ಲಾಭ-ನಷ್ಟ ಎರಡೂ ಇಲ್ಲದ ಗಡಿಯಲ್ಲಿ.

ಇನ್ನೊಂದು ಅಸಮತೋಲನವೂ ಇದೆ. ಡ್ರಾ ತಪ್ಪಿದವರು ರಿವರ್‌ನಲ್ಲಿ ಸುಮ್ಮನಾಗುವುದುಂಟು. ಸೆಟ್ ಹಿಡಿದವರು ಸುಮ್ಮನಾಗುವುದಿಲ್ಲ. ಹಾಗಾಗಿ ನೀವು ಗೆದ್ದಾಗ ಪಾಟ್ ಚಿಕ್ಕದಾಗಿರುತ್ತದೆ, ಸೋತಾಗ ದೊಡ್ಡದಾಗಿರುತ್ತದೆ. ಒಂದು ಜೋಡಿಯ ಕೈಗಳಿಗೆ ಇದು ಹುಟ್ಟುರೋಗ.

ಉಳಿದ ಚಿಪ್ಸ್ ಎಷ್ಟು ಎಂಬುದು ಇದಕ್ಕೇ ಮುಖ್ಯ. ಫ್ಲಾಪ್ ಬಿದ್ದಾಗ ಪಾಟ್ 650, ಕೈಯಲ್ಲಿ 9,700, ಅಂದರೆ ಪಾಟ್‌ನ ಹದಿನೈದು ಪಟ್ಟು. ಈ ಆಳದಲ್ಲಿ ಒಂದು ಜೋಡಿಯನ್ನು ನೆಚ್ಚಿಕೊಂಡು ಎಲ್ಲವನ್ನೂ ಹಾಕುವುದು ಸರಿಯಲ್ಲ. ಅದೇ ಉಳಿಕೆ ಪಾಟ್‌ನ ಎರಡು-ಮೂರು ಪಟ್ಟು ಮಾತ್ರ ಇದ್ದರೆ ಎಕ್ಕ-ರಾಜದಂಥ ಕೈಯನ್ನು ಬಿಡುವ ಪ್ರಶ್ನೆಯೇ ಸಾಮಾನ್ಯವಾಗಿ ಬರುವುದಿಲ್ಲ. ಅಲ್ಲಿ ಎದುರಾಳಿ ಇನ್ನೂ ದುರ್ಬಲ ಎಲೆಗಳಿಂದಲೂ ಎಲ್ಲ ಹಾಕುತ್ತಾರೆ, ನಿಮಗೆ ಸಿಗುವ ದರವೂ ಚೆನ್ನಾಗಿರುತ್ತದೆ.

## ನಿಮ್ಮ ಕೈಯಲ್ಲಿರುವ ಎಲೆ ಅವರ ಕೈಯಲ್ಲಿರಲು ಸಾಧ್ಯವಿಲ್ಲ

ಇದು ಸಣ್ಣ ಸಂಗತಿಯಂತೆ ಕಾಣುತ್ತದೆ, ಆದರೆ ಗಡಿಯಲ್ಲಿರುವ ತೀರ್ಮಾನಗಳನ್ನು ತಿರುಗಿಸುತ್ತದೆ. ಮೇಲಿನ ಆಟದಲ್ಲಿ ನಿಮ್ಮದು ಇಸ್ಪೀಟ್ ಎಕ್ಕದ ಬದಲು ಆಟೀನ್ ಎಕ್ಕ ಆಗಿದ್ದರೆ? ನೋಡಲು ಇನ್ನೂ ಚಂದ. ಆದರೆ ಆಗ ಎದುರಾಳಿಯ ಬಳಿ ಆಟೀನ್ ಎಕ್ಕದ ಡ್ರಾ ಇರಲು ಸಾಧ್ಯವೇ ಇಲ್ಲ. ಹನ್ನೊಂದು ಡ್ರಾಗಳಲ್ಲಿ ಮೂರು ಅಳಿಸಿಹೋಗಿ ಎಂಟು ಉಳಿಯುತ್ತವೆ. ಸೋಲಿಸುವ ಹನ್ನೊಂದು ಹಾಗೇ ಇರುತ್ತವೆ. ಅಂದರೆ ನಿಮ್ಮ ಎಲೆ ‘ಚಂದ’ವಾದಷ್ಟೂ ಫೋಲ್ಡ್ ಹತ್ತಿರವಾಯಿತು. ಹೀಗೆ ಎದುರಿನವರ ಪಟ್ಟಿಯನ್ನು ಕತ್ತರಿಸುವ ಎಲೆಗೆ ಬ್ಲಾಕರ್ ಎನ್ನುತ್ತಾರೆ. ಎದುರಾಳಿಯ ಬ್ಲಫ್‌ಗೆ, ಅಂದರೆ ಗಟ್ಟಿ ಎಲೆಯಿಲ್ಲದೆ ಹೆದರಿಸಲು ಹಾಕುವ ಪಣಕ್ಕೆ, ಅಡ್ಡ ಬರುವ ಎಲೆ ನಿಮ್ಮ ಕೈಯಲ್ಲಿದ್ದರೆ ಬಿಡುವ ಕಡೆಗೆ ವಾಲಬೇಕು, ಅವರ ಗಟ್ಟಿ ಎಲೆಗೆ ಅಡ್ಡ ಬರುವುದಿದ್ದರೆ ಉಳಿಯುವ ಕಡೆಗೆ.

## ಏರಿಸಿದವರು ಯಾರು, ಎಲ್ಲಿ, ಎಷ್ಟು

ಸ್ವಭಾವ ತಿಳಿಯಲು ಮುಖ ನೋಡುವುದಕ್ಕಿಂತ ಚರಿತ್ರೆ ನೋಡುವುದು ಲೇಸು. ಕೈ ನಡುಗುವುದು, ಕಣ್ಣು ತಪ್ಪಿಸುವುದು ಸಿನಿಮಾದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಮೇಜಿನಲ್ಲಿ ಕೈ ನಡುಗುವುದು ಬಹಳ ಸಲ ದೊಡ್ಡ ಎಲೆ ಬಂದ ಸಂಭ್ರಮಕ್ಕೆ. ಗಮನಿಸಬೇಕಾದ್ದು ಇದು: ಕಳೆದ ಒಂದು ಗಂಟೆಯಲ್ಲಿ ಅವರು ಎಷ್ಟು ಸಲ ಏರಿಸಿದರು? ಕೊನೆಗೆ ಎಲೆ ತೋರಿಸಬೇಕಾಗಿ ಬಂದಾಗ ಏನು ತೋರಿಸಿದರು? ಡ್ರಾ ಹಿಡಿದಾಗ ಏರಿಸಿದ್ದನ್ನು ಒಮ್ಮೆಯಾದರೂ ಕಂಡಿದ್ದೀರಾ?

ಹಂತವೂ ಮುಖ್ಯ. ಫ್ಲಾಪ್‌ನ ರೈಸ್‌ನಲ್ಲಿ ಡ್ರಾಗಳು ಹೇರಳ. ಟರ್ನ್‌ನಲ್ಲಿ ಕಡಿಮೆ. ರಿವರ್‌ನಲ್ಲಿ ಡ್ರಾ ಎಂಬುದೇ ಇಲ್ಲ, ಬಂದಿರುವುದು ಬಂದಾಯಿತು. ಅಲ್ಲಿ ಏರಿಸಿದರೆ ಒಂದೋ ನಿಮ್ಮನ್ನು ಸೋಲಿಸುವ ಎಲೆ, ಇಲ್ಲವೇ ಪೂರ್ತಿ ಬ್ಲಫ್. ಸಣ್ಣ ಮೊತ್ತದ, ಪರಿಚಿತರ ನಡುವಿನ ಆಟಗಳಲ್ಲಿ ರಿವರ್ ರೈಸ್ ಬ್ಲಫ್ ಆಗಿರುವುದು ಅಪರೂಪ. ಅಂಥ ಕಡೆ ಒಂದು ಜೋಡಿ ಬಿಡುವುದಕ್ಕೆ ಹೆಚ್ಚು ಯೋಚಿಸಬೇಕಿಲ್ಲ, ಎರಡು ಜೋಡಿಯನ್ನೂ ಬಿಡುವ ಸಂದರ್ಭ ಬರುತ್ತದೆ. ನಿಮ್ಮಿಬ್ಬರಲ್ಲದೆ ಮೂರನೆಯವರೂ ಆಟದಲ್ಲಿದ್ದು, ಅವರ ಎದುರೂ ಏರಿಸಿದ್ದಾರೆಂದರೆ ಇನ್ನೂ ಗಟ್ಟಿ ಎಂದು ಎಣಿಸಿ. ಇಬ್ಬರನ್ನು ಹೆದರಿಸುವುದು ಒಬ್ಬರನ್ನು ಹೆದರಿಸಿದಷ್ಟು ಸುಲಭವಲ್ಲ.

ಹೀಗೆಂದು ಎಲ್ಲ ರೈಸ್‌ಗೂ ಬಾಗಿದರೆ ಅದನ್ನೇ ಬಂಡವಾಳ ಮಾಡಿಕೊಳ್ಳುವವರಿರುತ್ತಾರೆ. ನಮ್ಮ ಆಟದಲ್ಲಿ ಎದುರಾಳಿ 3,200 ಒಡ್ಡಿದ್ದು 2,450 ಗೆಲ್ಲಲು. ನೀವು ನೂರರಲ್ಲಿ 57 ಸಲಕ್ಕಿಂತ ಹೆಚ್ಚು ಬಿಡುವವರಾದರೆ, ಅವರು ಕೈಯ ಎಲೆ ನೋಡದೆಯೇ ಏರಿಸಿದರೂ ಅವರಿಗೆ ಲಾಭ.

ಇದಕ್ಕೆ ಎಲ್ಲರೂ ನೆನೆಯುವ ಉದಾಹರಣೆ 2003ರದು. ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯಕ್ಕೆ ಆ ವರ್ಷ 839 ಜನ ಸೇರಿದ್ದರು. ಕೊನೆಗೆ ಉಳಿದವರು ಇಬ್ಬರು: ಟೆನೆಸ್ಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್, ಪಳಗಿದ ವೃತ್ತಿಪರ ಸ್ಯಾಮಿ ಫರ್ಹಾ. ಮೇಜಿನ ಮೇಲೆ ಇಸ್ಪೀಟ್ ಒಂಬತ್ತು, ಡೈಮಂಡ್ ಎರಡು, ಇಸ್ಪೀಟ್ ಆರು, ಟರ್ನ್‌ನಲ್ಲಿ ಇಸ್ಪೀಟ್ ಎಂಟು. ಫರ್ಹಾ ಬಳಿ ರಾಣಿ-ಒಂಬತ್ತು, ಅಂದರೆ ಮೇಜಿನ ಅತಿದೊಡ್ಡ ಜೋಡಿ. ಮನಿಮೇಕರ್ ಬಳಿ ಇಸ್ಪೀಟ್ ರಾಜ, ಆಟೀನ್ ಏಳು: ಜೋಡಿಯೂ ಇಲ್ಲ, ಆದರೆ ಫ್ಲಶ್ ಮತ್ತು ಸ್ಟ್ರೈಟ್ ಎರಡಕ್ಕೂ ಕಾಯುವ ಡ್ರಾ. ಟರ್ನ್‌ನಲ್ಲಿ ಮನಿಮೇಕರ್ ಏರಿಸಿದರು, ಫರ್ಹಾ ಕಾಲ್ ಮಾಡಿದರು. ರಿವರ್‌ನಲ್ಲಿ ಆಟೀನ್ ಮೂರು, ಯಾರಿಗೂ ಪ್ರಯೋಜನವಿಲ್ಲದ ಎಲೆ. ಫರ್ಹಾ ಚೆಕ್ ಮಾಡಿದರು, ಮನಿಮೇಕರ್ ಇದ್ದಬದ್ದದ್ದನ್ನೆಲ್ಲ ಒಳಗೆ ತಳ್ಳಿದರು. ಫರ್ಹಾ ತುಂಬ ಹೊತ್ತು ಯೋಚಿಸಿ ಎಲೆ ಕೆಳಗಿಟ್ಟರು. ಗೆಲ್ಲುತ್ತಿದ್ದದ್ದು ಅವರ ಎಲೆಯೇ. ಪಂದ್ಯ, ಅದರ 25 ಲಕ್ಷ ಡಾಲರ್ ಬಹುಮಾನ ಮನಿಮೇಕರ್ ಪಾಲಾದವು.

ಫರ್ಹಾ ತಪ್ಪು ಮಾಡಿದರೇ? ಎರಡೂ ಎಲೆ ಕಂಡ ಮೇಲೆ ಹೌದು ಎನ್ನುವುದು ಸುಲಭ. ಮೇಜಿನಲ್ಲಿ ಮೂರು ಇಸ್ಪೀಟ್, ಜೊತೆಗೆ ಆರು-ಎಂಟು-ಒಂಬತ್ತು ಬಿದ್ದಿರುವಾಗ ಫ್ಲಶ್, ಸ್ಟ್ರೈಟ್, ಎರಡು ಜೋಡಿ, ಸೆಟ್ ಎಲ್ಲವೂ ಅವರ ಒಂದು ಜೋಡಿಯನ್ನು ಸೋಲಿಸುತ್ತಿದ್ದವು. ಆ ಪಟ್ಟಿಯಲ್ಲಿ ಬ್ಲಫ್ ಎಷ್ಟು ಎಂಬುದೊಂದೇ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಮನಿಮೇಕರ್ ಎಂಥ ಆಟಗಾರ ಎಂದು ಫರ್ಹಾ ಅಂದುಕೊಂಡಿದ್ದರು ಎನ್ನುವುದರಲ್ಲಿತ್ತು.

## ಬಿಡಬಾರದ ಕಡೆ ಬಿಡುವುದು

ಫೋಲ್ಡ್‌ನ ರುಚಿ ಹತ್ತಿದವರು ಇನ್ನೊಂದು ತುದಿಗೆ ಹೋಗುವುದುಂಟು. ಫ್ಲಾಪ್‌ಗೆ ಮುಂಚೆ ರಾಜ-ರಾಜ ಹಿಡಿದು, ಎದುರಿನವರು ಮತ್ತೆ ಮತ್ತೆ ಏರಿಸಿದರೆ ‘ಎಕ್ಕ-ಎಕ್ಕವೇ ಇದೆ’ ಎಂದು ಬಿಡುತ್ತಾರೆ. ಒಬ್ಬ ನಿರ್ದಿಷ್ಟ ಎದುರಾಳಿಯ ಬಳಿ ಆಗ ಎಕ್ಕದ ಜೋಡಿ ಇರುವ ಸಾಧ್ಯತೆ 1,225ರಲ್ಲಿ 6, ಅಂದರೆ ಶೇ ಅರ್ಧ. ಒಂಬತ್ತು ಜನರ ಮೇಜಿನಲ್ಲಿ ಯಾರಾದರೊಬ್ಬರ ಬಳಿ ಇರುವುದು ಸುಮಾರು ಶೇ 4. ಏರಿಸಿದವರ ಪಟ್ಟಿಯನ್ನು ಎಕ್ಕದ ಜೋಡಿ, ರಾಜನ ಜೋಡಿ, ರಾಣಿ ಜೋಡಿ, ಎಕ್ಕ-ರಾಜ ಇಷ್ಟಕ್ಕೇ ಕುಗ್ಗಿಸಿದರೂ ಕ್ರಮವಾಗಿ 6, 1, 6, 8 ಬಗೆಗಳಾಗುತ್ತವೆ. ಆ ಪಟ್ಟಿಯ ಎದುರೂ ರಾಜನ ಜೋಡಿ ಅರ್ಧಕ್ಕಿಂತ ಹೆಚ್ಚು ಸಲ ಗೆಲ್ಲುತ್ತದೆ. ಎಕ್ಕ-ಎಕ್ಕ ಇಲ್ಲದೆ ಎಂದೂ ಹಾಗೆ ಏರಿಸದ ಅತಿಜಾಗರೂಕರ ಎದುರು ಮಾತ್ರ ಬಿಡಬಹುದು, ಅಂಥವರು ಇದ್ದಾರೆಂದು ಖಚಿತವಾಗಿದ್ದರೆ.

ರಾಣಿ ಜೋಡಿಯ ಕಥೆ ಬೇರೆ. ಎದುರಿನ ಪಟ್ಟಿ ಎಕ್ಕದ ಜೋಡಿ, ರಾಜನ ಜೋಡಿ ಎರಡೇ ಆದರೆ ರಾಣಿಯರು ಐದರಲ್ಲಿ ಒಂದು ಸಲವೂ ಗೆಲ್ಲುವುದಿಲ್ಲ. ಅದಕ್ಕೆ ಎಕ್ಕ-ರಾಜದ 16 ಬಗೆ ಸೇರಿಸಿದರೆ ಶೇ 40ಕ್ಕೆ ಏರುತ್ತದೆ. ಆ ಎದುರಾಳಿ ಎಕ್ಕ-ರಾಜದಲ್ಲಿ ಅಷ್ಟು ಏರಿಸುತ್ತಾರೋ ಇಲ್ಲವೋ ಎಂಬ ಒಂದೇ ಮಾಹಿತಿಯ ಮೇಲೆ ತೀರ್ಮಾನ ನಿಂತಿದೆ.

ಸೆಟ್ ಕೂಡ ಸುಲಭವಾಗಿ ಬಿಡುವ ಕೈಯಲ್ಲ. ಟರ್ನ್‌ನಲ್ಲಿ ಫ್ಲಶ್ ಆಗಬಹುದಾದ ಮೂರನೆಯ ಎಲೆ ಬಿದ್ದು, ಎದುರಾಳಿ ಏರಿಸಿದರು ಎನ್ನೋಣ. ಅವರದು ಫ್ಲಶ್ಶೇ ಆಗಿದ್ದರೂ ನಿಮಗೆ ಫುಲ್ ಹೌಸ್ ಅಥವಾ ನಾಲ್ಕು ಮಾಡುವ ಹತ್ತು ಎಲೆಗಳಿವೆ, ಶೇ 22ರ ಆಸುಪಾಸು. ಸಿಕ್ಕರೆ ಇನ್ನಷ್ಟು ಚಿಪ್ಸ್ ಗೆಲ್ಲುವ ಅವಕಾಶವೂ ಉಂಟು. ಅದೇ ರಿವರ್‌ನಲ್ಲಿ ಒಂದೇ ಬಣ್ಣದ ನಾಲ್ಕನೆಯ ಎಲೆ ಬಿದ್ದ ಮೇಲೆ ಏರಿಸಿದರೆ ಕಥೆ ಮುಗಿದಂತೆ: ಕಾಯಲು ಎಲೆಯಿಲ್ಲ, ಆ ಬಣ್ಣದ ಒಂದೇ ಎಲೆ ಇದ್ದವರೂ ನಿಮ್ಮನ್ನು ಸೋಲಿಸುತ್ತಾರೆ. ಅಲ್ಲಿ ಸೆಟ್ ಕೂಡ ಕೆಳಗಿಡಬೇಕಾದ ಎಲೆ.

## ಟೂರ್ನಿಯಲ್ಲಿ ಚಿಪ್ಸ್ ಬೇರೆ, ಬಹುಮಾನ ಬೇರೆ

ಇದುವರೆಗಿನ ಲೆಕ್ಕದಲ್ಲಿ ಒಂದು ಚಿಪ್ ಎಂದರೆ ಒಂದು ಚಿಪ್. ಟೂರ್ನಿಯಲ್ಲಿ ಹಾಗಲ್ಲ. ಚಿಪ್ಸ್ ಎರಡು ಪಟ್ಟಾದರೆ ಬಹುಮಾನದ ಸಾಧ್ಯತೆ ಎರಡು ಪಟ್ಟಾಗುವುದಿಲ್ಲ, ಆದರೆ ಎಲ್ಲ ಕಳೆದರೆ ಸಾಧ್ಯತೆ ಪೂರ್ತಿ ಸೊನ್ನೆ. ಹಾಗಾಗಿ ಬಹುಮಾನದ ಗಡಿ ಹತ್ತಿರವಾದಷ್ಟೂ ಕಾಲ್‌ಗೆ ಬೇಕಾದ ಶೇಕಡಾ ಪಾಟ್ ಆಡ್ಸ್ ಹೇಳುವುದಕ್ಕಿಂತ ಮೇಲೇರುತ್ತದೆ.

ಇದರ ತುತ್ತತುದಿ ನೋಡಬೇಕೆಂದರೆ ಸ್ಯಾಟಲೈಟ್ ಎಂಬ ಅರ್ಹತಾ ಪಂದ್ಯ ತೆಗೆದುಕೊಳ್ಳಿ. ಮೊದಲ ಹತ್ತು ಜನಕ್ಕೂ ಒಂದೇ ಬಹುಮಾನ: ದೊಡ್ಡ ಪಂದ್ಯದ ಒಂದು ಸೀಟು. ಹನ್ನೊಂದು ಜನ ಉಳಿದಿದ್ದಾರೆ. ನಿಮ್ಮದು ಎರಡನೆಯ ದೊಡ್ಡ ರಾಶಿ, ಇನ್ನೊಬ್ಬರ ಬಳಿ ಒಂದು ಬ್ಲೈಂಡ್‌ಗಷ್ಟೇ ಚಿಪ್ಸ್ ಇದೆ. ಅತಿದೊಡ್ಡ ರಾಶಿಯವರು ಎಲ್ಲವನ್ನೂ ಒಳಗೆ ಹಾಕಿದರು, ನಿಮ್ಮ ಕೈಯಲ್ಲಿ ಎಕ್ಕದ ಜೋಡಿ. ಅವರ ಎಲೆ ಏನೇ ಇರಲಿ ಎಂದುಕೊಂಡರೆ ನೀವು ಸುಮಾರು ಶೇ 85 ಸಲ ಗೆಲ್ಲುತ್ತೀರಿ. ಆದರೆ ಬಿಟ್ಟರೆ ಸೀಟು ಹೆಚ್ಚುಕಡಿಮೆ ಕೈಯಲ್ಲೇ ಇದೆ. ಜಗತ್ತಿನ ಅತ್ಯುತ್ತಮ ಎರಡು ಎಲೆಯನ್ನು ಕೆಳಗಿಡುವುದೇ ಅಲ್ಲಿ ಸರಿಯಾದ ಆಟ.

## ಮೇಜಿನಲ್ಲಿ ಎಡವುವ ಕಡೆಗಳು

‘ಏನಿತ್ತೋ ನೋಡಿಬಿಡೋಣ’ ಎಂಬ ಕುತೂಹಲಕ್ಕೆ 2,200 ಚಿಪ್ಸ್ ದುಬಾರಿ ದರ. ಬಿಟ್ಟ ಮೇಲೆ ಎದುರಾಳಿ ಬ್ಲಫ್ ತೋರಿಸಿ ನಕ್ಕರೆ ಮುಂದಿನ ಮೂರು ಆಟ ಸಿಟ್ಟಿನಲ್ಲಿ ಕಾಲ್ ಮಾಡುವವರಿದ್ದಾರೆ. ಈ ಮನಸ್ಥಿತಿಗೆ ಆಟಗಾರರು ಟಿಲ್ಟ್ ಎನ್ನುತ್ತಾರೆ. ಒಂದು ಸಲದ ಫಲದಿಂದ ತೀರ್ಮಾನವನ್ನು ಅಳೆಯಬೇಡಿ. ಶೇ 28 ಬೇಕಿದ್ದ ಕಡೆ ನಿಮ್ಮದು ಶೇ 15 ಇತ್ತೆಂದರೆ, ಬಿಟ್ಟ ಮೇಲೆ ನೂರರಲ್ಲಿ 15 ಸಲ ‘ಅಯ್ಯೋ, ಗೆಲ್ಲುತ್ತಿದ್ದೆ’ ಎನ್ನಿಸಿಯೇ ತೀರುತ್ತದೆ.

ಒಳ್ಳೆಯ ಎಲೆ ಬಿಟ್ಟೆ ಎಂದು ಎಲ್ಲರಿಗೂ ತೋರಿಸುವ ಆಸೆಯೂ ಬರುತ್ತದೆ. ಹಾಗೆ ತೋರಿಸಿದರೆ ‘ಇವರನ್ನು ಏರಿಸಿ ಓಡಿಸಬಹುದು’ ಎಂದು ಇಡೀ ಮೇಜಿಗೆ ಪುಕ್ಕಟೆ ಪಾಠ ಹೇಳಿದಂತೆ. ಎಲೆ ಮುಚ್ಚಿಕೊಂಡೇ ಮುಂದೆ ತಳ್ಳಿ.

ತಳ್ಳುವ ಮುನ್ನ ಎರಡು ಸಂಗತಿ ಖಚಿತಪಡಿಸಿಕೊಳ್ಳಿ: ಸರದಿ ನಿಮ್ಮದೇ, ಮತ್ತು ಏರಿಸಿದ ಮೊತ್ತ ನಿಖರವಾಗಿ ಎಷ್ಟು. ರಾಶಿ ನೋಡಿ ಅಂದಾಜು ಮಾಡಬೇಡಿ, ಎಣಿಸಿ ಹೇಳುವಂತೆ ಡೀಲರ್‌ಗೆ ಕೇಳಿ. ಅದು ನಿಮ್ಮ ಹಕ್ಕು, ಯೋಚಿಸಲು ಒಂದಿಷ್ಟು ಹೊತ್ತೂ ಸಿಗುತ್ತದೆ. ಸರದಿಯಲ್ಲಿ ಬಾಯಲ್ಲಿ ‘ಫೋಲ್ಡ್’ ಎಂದರೆ ಅದೇ ಅಂತಿಮ. ಬಿಟ್ಟ ಎಲೆ ಡೀಲರ್ ಮುಂದಿನ ರಾಶಿಯಲ್ಲಿ ಬೆರೆತ ಮೇಲೆ, ಅದು ಎಕ್ಕ-ರಾಜವೇ ಆಗಿದ್ದರೂ ವಾಪಸ್ ಬರುವುದಿಲ್ಲ.